ಅಲ್ಪವಿರಾಮದ ಅಧಿಕಪ್ರಸಂಗ

ಒಂದು ಸಾಲಿನ ಕಲಂಗಳನ್ನು ಬಿಡಿಸಲು ಅಲ್ಪವಿರಾಮವೊಂದೇ ಸಾಕೆಂದು ತೀರ್ಮಾನಿಸಿದ ಪುಣ್ಯಾತ್ಮ ಬೆಂಗಳೂರಿನಲ್ಲಿ ಮನೆ ಹುಡುಕಿದವನಲ್ಲ. ನಮ್ಮ ವಿಳಾಸಗಳಿಗೂ ಅಲ್ಪವಿರಾಮದಿಂದ ಕಲಂ ಬಿಡಿಸುವ ಸಿಎಸ್‌ವಿ ಕಡತಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ.

ಅಕ್ಕನ ಮಗಳ ಮದುವೆಗೆ ಕರೆಯಬೇಕಾದವರ ಪಟ್ಟಿಯನ್ನು ಭಾವ ಕಳಿಸಿದ್ದರು: ಹೆಸರು, ವಿಳಾಸ, ಪಿನ್‌ಕೋಡ್, ಅವರು ಹಿಂದೆ ಮಾಡಿದ ಮುಯ್ಯಿ. ಲಕೋಟೆಗೆ ಅಂಟಿಸುವ ಚೀಟಿ ಮುದ್ರಿಸುವುದು ನನ್ನ ಪಾಲಿಗೆ ಬಂತು. ದೊಡ್ಡಪ್ಪನ ವಿಳಾಸ: ನಂ. 42/ಎ, "ಶ್ರೀನಿಧಿ", 2ನೇ ಮಹಡಿ, 3ನೇ ಅಡ್ಡರಸ್ತೆ, ಗಣಪತಿ ದೇವಸ್ಥಾನದ ಹಿಂಭಾಗ. ತಂತ್ರಾಂಶ ಅದನ್ನು 42/ಎಗೇ ಮುಗಿಸಿ, ಪಿನ್‌ಕೋಡ್ ಜಾಗದಲ್ಲಿ ಶ್ರೀನಿಧಿಯನ್ನು ಕೂರಿಸಿತು. ಮುಯ್ಯಿಯ ಕಲಂನಲ್ಲಿ 2ನೇ ಮಹಡಿ! ಇಷ್ಟು ಧಾರಾಳ ಅವರಿಂದ ನಾವು ನಿರೀಕ್ಷಿಸಿರಲಿಲ್ಲ. ಇತ್ತ 5,001 ಕೊಟ್ಟಿದ್ದ ಸೋದರಮಾವ ಐದು ರೂಪಾಯಿಗೆ ಇಳಿದಿದ್ದರು.

ಇದಕ್ಕೆ ಪರಿಹಾರವಿಲ್ಲದೆ ಇಲ್ಲ. ಸಿಎಸ್‌ವಿಯ ಕಟ್ಟುಪಾಡು ವಿವರಿಸುವ 2005ರ ದಾಖಲೆ ಆರ್‌ಎಫ್‌ಸಿ 4180 ಪ್ರಕಾರ ಅಲ್ಪವಿರಾಮವಿರುವ ಕಲಂ ಅನ್ನು ಜೋಡಿ ಉದ್ಧರಣ ಚಿಹ್ನೆಗಳೊಳಗೆ ಇಡಬೇಕು; ಒಳಗೆ ಅದೇ ಚಿಹ್ನೆ ಬಂದರೆ ಎರಡು ಸಲ ಬರೆಯಬೇಕು. ಮನೆಯ ಹೆಸರಿಗೆ ಉದ್ಧರಣ ಚಿಹ್ನೆ ತೊಡಿಸದೆ ಸಮಾಧಾನವಾಗದ ಜನಕ್ಕೆ ಇದನ್ನು ಹೇಳಿ ಒಪ್ಪಿಸುವವರು ಯಾರು?

ಅರ್ಧವಿರಾಮ (;) ಹಾಕೋಣವೆಂದರೆ, ಅದು ಮ್ಯೂನಿಕ್‌ನಲ್ಲಿರುವ ವರನಿಗೆ ಮಾತ್ರ ಪ್ರಿಯ. ಜರ್ಮನರು ಮೂರೂವರೆಯನ್ನು 3,5 ಎಂದು ಬರೆಯುವುದರಿಂದ ಅಲ್ಲಿನ ಎಕ್ಸೆಲ್ ಅರ್ಧವಿರಾಮವನ್ನೇ ಬಯಸುತ್ತದೆ. ಭಾವನ ಮೂಲ ಪಟ್ಟಿ ಅವನ ಕಂಪ್ಯೂಟರಿನಲ್ಲಿ ಒಂದೇ ಕಲಂನಲ್ಲಿ ಮುದ್ದೆಯಾಗಿ ತೆರೆದುಕೊಂಡಿತ್ತಂತೆ. ಟ್ಯಾಬ್ ಸಭ್ಯ ಜೀವಿ. ಆದರೆ ಕಣ್ಣಿಗೆ ಕಾಣುವುದಿಲ್ಲ; ತಿದ್ದಲು ಕುಳಿತ ಅಕ್ಕ ಅದರ ಜಾಗದಲ್ಲಿ ಸ್ಪೇಸ್ ಒತ್ತಿಬಿಟ್ಟಳು.

ಕೊನೆಗೆ ಲಂಬಗೆರೆ (|). ಯಾವ ವಿಳಾಸದಲ್ಲೂ ಅದಿರುವುದಿಲ್ಲವೆಂದು ನಿಶ್ಚಿಂತೆಯಿಂದ ಓಡಿಸಿದೆ. ಮೊದಲ ಸಾಲಿನಲ್ಲೇ ಹೆಸರಿಲ್ಲ, ವಿಳಾಸವಿಲ್ಲ, ಪಿನ್‌ಕೋಡ್ ಮಾತ್ರ 'ಶ್ರೀ' ಎಂಬ ಅತಿಥಿ! ಮದುವೆಯ ಪಟ್ಟಿಯನ್ನು ||ಶ್ರೀ|| ಎಂದು ಬರೆಯದೆ ಆರಂಭಿಸಲು ಭಾವನೇನು ನಾಸ್ತಿಕರೇ?

ಅಕ್ಷರಗಳಿಗೆ ಸಂಖ್ಯೆ ಕೊಡುವ ಆಸ್ಕಿ ಪದ್ಧತಿಯನ್ನು ರೂಪಿಸಿದವರು 1960ರ ದಶಕದಲ್ಲೇ ಈ ಕೆಲಸಕ್ಕೆಂದು 28ರಿಂದ 31ರವರೆಗಿನ ಸಂಕೇತಗಳನ್ನು ಮೀಸಲಿಟ್ಟಿದ್ದಾರೆ. 31 ಕಲಂಗಳ ನಡುವೆ, 30 ಸಾಲುಗಳ ನಡುವೆ. ಕೀಲಿಮಣೆಯಲ್ಲಿ ಅವಕ್ಕೆ ಕೀಲಿಯಿಲ್ಲದ ಕಾರಣ ಬಂಧುಬಳಗದ ಕೈಗೆ ಸಿಗುವ ಭಯವೂ ಇಲ್ಲ. ಅವನ್ನೇ ಬಳಸಿ ಚೀಟಿಗಳನ್ನು ಮುದ್ರಿಸಿದೆ, ಎಲ್ಲವೂ ಸರಿಯಾಗಿ ಬಂದವು. ಕಡತವನ್ನು ಭಾವನಿಗೂ ಕಳಿಸಿದೆ.

ಅವರು ನೋಟ್‌ಪ್ಯಾಡ್‌ನಲ್ಲಿ ತೆರೆದು, ಎಲ್ಲ ವಿಳಾಸಗಳೂ ಒಂದೇ ಸಾಲಾಗಿರುವುದನ್ನು ಕಂಡು ಕೂಡಲೇ ಫೋನ್ ಮಾಡಿದರು: "ಇದೇನಯ್ಯಾ, ಎರಡೂ ಕಡೆಯ ಬೀಗರನ್ನು ಒಂದೇ ಮನೆಯಲ್ಲಿ ತುಂಬಿದ್ದೀಯೆ?"