ಎಸ್ತಾಮಿನೆಯ ಕುರ್ಚಿ, ದರ್ಶಿನಿಯ ಕಾಫಿ

ನಾನಿರುವ ಉತ್ತರ ಫ್ರಾನ್ಸಿನ ಲಿಲ್ ಊರಲ್ಲಿ 'ಎಸ್ತಾಮಿನೆ' ಅನ್ನೋ ಬೋರ್ಡು ಬೀದಿಗೊಂದು ಕಾಣುತ್ತದೆ. ಹಳೇ ಪೇಟೆಯ ಗಾಂ ಬೀದಿಯಲ್ಲಂತೂ ಸಾಲಾಗಿ ಇವೆ. ಚಿಕ್ಕ ಕೆಫೆ, ಜೊತೆಗೆ ಊಟ ಮತ್ತು ಬಿಯರು. ಪಕ್ಕದ ಬೆಲ್ಜಿಯಂನಲ್ಲೂ ಇದೇ ಹೆಸರು ನಡೆಯುತ್ತದೆ.

ಇವತ್ತು ಇವು ಪ್ರವಾಸಿಗರ ಜಾಗಗಳಾಗಿವೆ. ಚಾವಣಿಯಿಂದ ಬಿಯರಿಗೆ ಹಾಕುವ ಹಾಪ್ಸ್ ಹೂವಿನ ಬಳ್ಳಿ ಇಳಿಬಿಟ್ಟಿರುತ್ತಾರೆ, ಮೂಲೆಯಲ್ಲಿ ಹಳೇ ಮರದ ಆಟಗಳು. ಬಿಯರಿನಲ್ಲಿ ಬೇಯಿಸಿದ ದನದ ಮಾಂಸ ಇಲ್ಲಿನ ಹೆಸರುವಾಸಿ ಅಡುಗೆ. ನನ್ನಂಥ ಪುಳಿಚಾರಿಗೆ ಉಳಿಯೋದು ಕರಿದ ಆಲೂಗಡ್ಡೆ. ಅದನ್ನೂ ಈ ಕಡೆ ಎಷ್ಟೋ ಜನ ದನದ ಕೊಬ್ಬಿನಲ್ಲೇ ಕರಿಯುತ್ತಾರೆ, ಕೇಳಿಯೇ ತಿನ್ನಬೇಕು!

ಮೊದಲು ಹೀಗಿರಲಿಲ್ಲ. ಕಲ್ಲಿದ್ದಲು ಗಣಿಗಳ ಊರುಗಳಲ್ಲಿ ಎಷ್ಟೋ ಎಸ್ತಾಮಿನೆ ಅಂದರೆ ಮನೆಯ ಮುಂದಿನ ಕೋಣೆ ಅಷ್ಟೇ. ಗಂಡ ಗಣಿಗೆ ಇಳಿದರೆ ಹೆಂಡತಿ ಅಂಗಡಿ ನೋಡಿಕೊಳ್ಳುತ್ತಿದ್ದಳು. ಸಂಘ ಕಟ್ಟಿದ್ದಕ್ಕೆ ಕೆಲಸ ಕಳೆದುಕೊಂಡವರೂ ಇಂಥದ್ದೇ ಅಂಗಡಿ ಇಡುತ್ತಿದ್ದರು. ಎಮಿಲ್ ಬಾಸ್ಲಿ ಅಂಥವರಲ್ಲೊಬ್ಬರು. ಮುಂದೆ ಅವರು ಸಂಸತ್ತಿಗೆ ಹೋದರು, 1900ರಲ್ಲಿ ಲಾಂಸ್ ಊರಿನ ಮೇಯರೂ ಆದರು. ಮುಷ್ಕರದ ಮಾತು ಹುಟ್ಟುತ್ತಿದ್ದದ್ದು ಇಂಥ ಮೇಜುಗಳ ಸುತ್ತಲೇ. 1990ರಲ್ಲಿ ಇಲ್ಲಿನ ಕೊನೆಯ ಗಣಿಯೂ ಮುಚ್ಚಿತು. ಹೆಸರು ಮಾತ್ರ ಉಳಿದು ದುಬಾರಿಯಾಯಿತು.

ಆದರೂ ಒಂದು ಹಳೇ ರೂಢಿ ಹೋಗಿಲ್ಲ. ಊಟದ ಗಲಾಟೆ ಇಲ್ಲದ ಹೊತ್ತಲ್ಲಿ ಒಂದು ಲೋಟ ಮುಂದಿಟ್ಟುಕೊಂಡು ಎಷ್ಟು ಹೊತ್ತು ಬೇಕಾದರೂ ಕೂರಬಹುದು. ನೀವಾಗಿ ಕೇಳದೆ ಬಿಲ್ಲು ಬರುವುದಿಲ್ಲ. ಅದೇ ಮಧ್ಯಾಹ್ನ ಮೂರಕ್ಕೆ ಹಸಿವಾಯಿತು ಅನ್ನಿ, ಕತೆ ಮುಗೀತು. ಅಡುಗೆಮನೆ ಮುಚ್ಚಿರುತ್ತದೆ.

ನಮ್ಮ ದರ್ಶಿನಿಯದು ಪೂರಾ ಉಲ್ಟಾ. ಬೆಳಗ್ಗೆಯಿಂದ ರಾತ್ರಿವರೆಗೆ ಏನಾದರೊಂದು ಬಿಸಿಬಿಸಿ ಸಿಗುತ್ತದೆ, ಕಾಸು ಕಡಿಮೆ ಇದ್ದರೆ ಬೈಟು ಕಾಫಿ. ಆದರೆ ನಿಂತೇ ತಿನ್ನಬೇಕು. ಲೋಟ ಖಾಲಿಯಾಗುವ ಮೊದಲೇ ಹಿಂದೆ ಇನ್ನೊಬ್ಬರು ಜಾಗಕ್ಕೆ ಕಾಯುತ್ತಿರುತ್ತಾರೆ. ಕಮ್ಮಿ ದುಡ್ಡಿಗೆ ಅಷ್ಟು ಜನಕ್ಕೆ ತಿಂಡಿ ಕೊಡಬೇಕಾದರೆ ಬೇರೆ ದಾರಿ ಇಲ್ಲ, ಒಪ್ಪುತ್ತೇನೆ.

ನನ್ನ ತಕರಾರು ಬೆಂಗಳೂರಿನ ಹೊಸ 'ಬಿಸ್ಟ್ರೋ'ಗಳ ಮೇಲೆ. ಫ್ರಾನ್ಸಿನಿಂದ ಹೆಸರು ತಂದರು, ಅದರ ಮೇಲೆ ರೇಟೂ ಹಾಕಿದರು. ಕಾಫಿ ಮುಗಿದ ತಕ್ಷಣ "ಇನ್ನೇನಾದರೂ ಬೇಕಾ ಸರ್?" ಅಂತ ಬಂದು ನಿಲ್ಲುತ್ತಾರೆ. ಅಷ್ಟು ದುಡ್ಡು ಕೊಡುವುದೇ ಕುರ್ಚಿಗೆ ಅಲ್ವಾ? ಅದಕ್ಕಿಂತ ದರ್ಶಿನಿಯವರೇ ಗೋಡೆ ಪಕ್ಕ ಎರಡು ಬೆಂಚು ಹಾಕಿಸಲಿ. ಮಂಡಿನೋವಿನ ನಮ್ಮಮ್ಮ ಆರಾಮಾಗಿ ಕೂತು ಕಾಫಿ ಕುಡೀತಾರೆ.