ಅನ್ಯಲೋಕದ ನಾಗರಿಕತೆ ಕಂಡರೆ ನಾವೇ ಮೊದಲು ಮಾತನಾಡಿಸಬೇಕೆ? ಪರ ಮತ್ತು ವಿರೋಧ

ಪ್ರಶ್ನೆಯನ್ನು ಮೊದಲು ಬಿಗಿಯಾಗಿ ಹೇಳಿಕೊಳ್ಳಬೇಕು. ಭೂಮಿಯಿಂದ ಹೊರಟ ನೌಕೆಯೊಂದು, ಅದರಲ್ಲಿ ಮನುಷ್ಯರಿರಲಿ ಯಂತ್ರಗಳಷ್ಟೇ ಇರಲಿ, ದೂರದ ಗ್ರಹವೊಂದರಲ್ಲಿ ಊರು ಕಟ್ಟಿಕೊಂಡು ಬದುಕುತ್ತಿರುವ ಸಮಾಜವೊಂದನ್ನು ಕಾಣುತ್ತದೆ. ನಮ್ಮ ಇರವು ಅವರಿಗೆ ತಿಳಿದಿದೆ ಎನ್ನಲು ಯಾವ ಗುರುತೂ ಇಲ್ಲ. ಆಗ ಅನ್ವೇಷಕರು ತಾವಾಗಿ ಅವರನ್ನು ಮಾತನಾಡಿಸಬೇಕೆ, ಬೇಡವೆ? ಕಲಬುರಗಿಯಿಂದ ಚರ್ಚಾಸ್ಪರ್ಧೆಗೆ ಹೋಗುವ ವಿದ್ಯಾರ್ಥಿ ಚೀಟಿಯಲ್ಲಿ ಯಾವ ಪಕ್ಷ ಬಂದರೂ ಇರಲೆಂದು ಎರಡನ್ನೂ ಸಿದ್ಧಮಾಡಿಕೊಳ್ಳುವಂತೆ, ಇಲ್ಲಿಯ ಎರಡು ಬರಹಗಳನ್ನೂ ಒಂದೇ ಕೈ ಬರೆದಿದೆ. ಎರಡೂ ಸಮಬಲದವು ಎಂಬ ಭ್ರಮೆ ನನಗಿಲ್ಲ. ನನ್ನ ಒಲವು ಎತ್ತ ಎಂಬುದು ಬರಹದ ಉದ್ದದಿಂದಲೇ ಗೊತ್ತಾದೀತು.

ಪರ

ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಭೀಮಾ ತೀರದ ಚಂದ್ರಲಾಂಬೆಯ ದೇವಸ್ಥಾನದ ಆವರಣದಲ್ಲಿರುವ ಕಾಳಿಯ ಗುಡಿಯ ಚಾವಣಿ 1980ರ ದಶಕದಲ್ಲಿ ಕುಸಿದಾಗ, ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನಗಳು ಕಂಡುಬಂದವು. ಅಲ್ಲಿಯವರೆಗೆ ಕಳಿಂಗದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ ತಿಳಿದಿದ್ದ ಎರಡು ಪ್ರತ್ಯೇಕ ಶಾಸನಗಳೂ ಅವುಗಳಲ್ಲಿದ್ದವು. ಆ ಎರಡರಲ್ಲಿ ಒಂದು, ರಾಜ್ಯದ ಗಡಿಯಾಚೆಗೆ ಇರುವ, ರಾಜನು ಇನ್ನೂ ಗೆಲ್ಲದ ಜನರ ಕುರಿತದ್ದು. ಈ ರಾಜ ನಮ್ಮ ವಿಷಯದಲ್ಲಿ ಏನು ಮಾಡಬೇಕೆಂದಿದ್ದಾನೆ ಎಂದು ಅವರು ಕಳವಳಪಡುತ್ತಿರಬಹುದು. ನನ್ನಿಂದ ಅವರಿಗೆ ಭಯ ಬೇಡ, ನನ್ನಿಂದ ಅವರಿಗೆ ಸುಖವೇ ಹೊರತು ದುಃಖವಿಲ್ಲ ಎಂಬುದನ್ನು ಅವರಿಗೆ ತಿಳಿಸಿರಿ ಎಂದು ಅಶೋಕ ತನ್ನ ಅಧಿಕಾರಿಗಳಿಗೆ ಹೇಳುತ್ತಾನೆ. ಬಲವುಳ್ಳವನು ಗಡಿಗೆ ಬಂದು ನಿಂತ ಮೇಲೆ ಅವನ ಮೌನ ನಿರುಪದ್ರವಿಯಾಗಿ ಉಳಿಯುವುದಿಲ್ಲ ಎಂಬ ತಿಳಿವಳಿಕೆ ಆ ಮಾತಿನಲ್ಲಿದೆ. ಬೇರೊಂದು ಗ್ರಹದ ಕಕ್ಷೆಯಲ್ಲಿ ನಮ್ಮ ನೌಕೆ ಸುತ್ತುತ್ತಿದ್ದರೆ ಅಲ್ಲಿಯವರಲ್ಲಿ ಯಾರಾದರೊಬ್ಬರು ಇಂದಲ್ಲ ನಾಳೆ ಆಕಾಶದಲ್ಲಿ ಹೊಸ ಚುಕ್ಕೆಯನ್ನು ನೋಡಿಯೇ ನೋಡುತ್ತಾರೆ. ಅದು ಏನು, ಯಾರದು, ಏಕೆ ಬಂದಿದೆ ಎಂದು ಹೇಳುವವರಿಲ್ಲದಿದ್ದರೆ ಅವರು ಊಹಿಸುವುದು ನಮ್ಮ ಒಳ್ಳೆಯತನವನ್ನಲ್ಲ.

ಅಡಗಿಕೊಂಡಿರುವುದು ಕ್ಷೇಮ ಎನ್ನುವವರು, ಅಡಗುವ ಕಾಲ ಎಂದೋ ಮುಗಿದಿದೆ ಎಂಬುದನ್ನು ಗಮನಿಸಬೇಕು. ಭೂಮಿಯ ವಾತಾವರಣದಲ್ಲಿರುವ ಆಮ್ಲಜನಕವು ಇಲ್ಲಿ ಜೀವವಿದೆ ಎಂದು ನೂರಾರು ಕೋಟಿ ವರ್ಷಗಳಿಂದ ಸಾರುತ್ತಿದೆ. 2021ರಲ್ಲಿ ಪ್ರಕಟವಾದ ಲೆಕ್ಕಾಚಾರವೊಂದರ ಪ್ರಕಾರ, ನಮ್ಮಿಂದ ಸುಮಾರು 326 ಜ್ಯೋತಿರ್ವರ್ಷಗಳ ಒಳಗಿರುವ 1,715 ನಕ್ಷತ್ರಗಳು ಕಳೆದ 5,000 ವರ್ಷಗಳಲ್ಲಿ, ಭೂಮಿ ಸೂರ್ಯನ ಮುಂದೆ ಹಾದುಹೋಗುವುದನ್ನು ನೋಡಬಲ್ಲ ಸ್ಥಾನದಲ್ಲಿದ್ದವು. 1974ರ ನವೆಂಬರ್ 16ರಂದು ಅರೆಸಿಬೊ ರೇಡಿಯೊ ದೂರದರ್ಶಕದಿಂದ 1,679 ಬಿಟ್‌ಗಳ, ಅಂದರೆ ಅಷ್ಟು ಸೊನ್ನೆ-ಒಂದುಗಳ, ಸಂದೇಶವನ್ನು ಎಂ13 ಎಂಬ ನಕ್ಷತ್ರಗುಚ್ಛದ ಕಡೆಗೆ ಕಳುಹಿಸಲಾಯಿತು. 1977ರಲ್ಲಿ ಹೊರಟ ವಾಯೇಜರ್ ನೌಕೆಗಳ ಚಿನ್ನಲೇಪಿತ ತಟ್ಟೆಗಳಲ್ಲಿ 55 ಭಾಷೆಗಳ ಶುಭಾಶಯಗಳಿವೆ, ಅವುಗಳಲ್ಲಿ ಕನ್ನಡಿಗರ ಪರವಾಗಿ ಹೇಳಿದ ಶುಭಾಶಯವೂ ಒಂದು. ಯಾರೂ ಕಾಣದ ಕತ್ತಲೆಯೊಳಕ್ಕೆ ಶುಭಾಶಯ ಕಳುಹಿಸಿದವರು, ಎದುರಿಗೆ ನಿಜವಾಗಿ ಯಾರಾದರೂ ಕಂಡಾಗ ಬಾಯಿ ಮುಚ್ಚಿಕೊಳ್ಳುವುದು ವಿಚಿತ್ರವಾಗಿ ತೋರುತ್ತದೆ.

ಅಪರಿಚಿತರ ನಡುವೆ ತನ್ನನ್ನು ತೆರೆದುಕೊಂಡದ್ದರಿಂದ ಆದ ಲಾಭಕ್ಕೆ ಬೀದರ್ ಒಂದು ಸಾಕ್ಷಿ ಒದಗಿಸುತ್ತದೆ. 1470ರ ಆಸುಪಾಸಿನಲ್ಲಿ ರಷ್ಯಾದ ತ್ವೇರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್ ಬಹಮನಿಗಳ ರಾಜಧಾನಿಯಾಗಿದ್ದ ಬೀದರಿಗೆ ಬಂದ. ಅವನಿಗೆ ಈ ನಾಡು, ಈ ನಾಡಿಗೆ ಅವನು, ಇಬ್ಬರೂ ಅನ್ಯಲೋಕದವರೇ. ಬರುವ ದಾರಿಯಲ್ಲಿ ಜುನ್ನರದಲ್ಲಿ ಅವನ ಕುದುರೆಯನ್ನು ಕಿತ್ತುಕೊಂಡು ಮತಾಂತರಕ್ಕೆ ಒತ್ತಾಯಿಸಿದ್ದರು. ಆದರೂ ಬೀದರಿನಲ್ಲಿ ಅವನು ಹಲವು ಹಿಂದೂಗಳ ಪರಿಚಯ ಮಾಡಿಕೊಂಡು, ತಾನು ಕ್ರೈಸ್ತನೆಂದು ಅವರಿಗೆ ತಿಳಿಸಿದ. ಆ ಮೇಲೆ ಅವರು ತಮ್ಮ ಊಟ, ವ್ಯಾಪಾರ, ಪ್ರಾರ್ಥನೆ ಯಾವುದನ್ನೂ ತನ್ನಿಂದ ಮುಚ್ಚಿಡಲಿಲ್ಲ ಎಂದು ಅವನೇ ಬರೆದಿದ್ದಾನೆ. ಅವರೊಡನೆ ಶ್ರೀಪರ್ವತದ ಜಾತ್ರೆಗೂ ಹೋಗಿಬಂದ. ದೂರದಲ್ಲಿ ನಿಂತು ನೋಡಿದ್ದರೆ ಅವನಿಗೆ ಕೋಟೆಯ ಗೋಡೆ ಕಾಣುತ್ತಿತ್ತು, ಮನೆಯೊಳಗಿನ ಬದುಕು ಕಾಣುತ್ತಿರಲಿಲ್ಲ.

ಇನ್ನು ಮಾತನಾಡಿಸುವುದೆಂದರೆ ಇಳಿದುಹೋಗಿ ಕೈಕುಲುಕುವುದಲ್ಲ. ಜಲಜನಕ ಹೊಮ್ಮಿಸುವ 1420 ಮೆಗಾಹರ್ಟ್ಸ್ ತರಂಗವು ರೇಡಿಯೊ ಬಲ್ಲ ಯಾವ ಸಮಾಜಕ್ಕಾದರೂ ಪರಿಚಿತವಾಗಿರುತ್ತದೆ. ಅದರ ಆಸುಪಾಸಿನಲ್ಲಿ ಅವಿಭಾಜ್ಯ ಸಂಖ್ಯೆಗಳ ಸರಣಿಯೊಂದನ್ನು ಮಿಡಿಸಬಹುದು. ಅರೆಸಿಬೊ ಸಂದೇಶದ 1,679 ಕೂಡ 23 ಮತ್ತು 73 ಎಂಬ ಎರಡು ಅವಿಭಾಜ್ಯಗಳ ಗುಣಲಬ್ಧವೇ, ಅದನ್ನು ಚಿತ್ರವಾಗಿ ಜೋಡಿಸಿಕೊಳ್ಳಲಿ ಎಂಬ ಉದ್ದೇಶದಿಂದ. ತಂತ್ರಜ್ಞಾನ ಕೊಡುವುದು ಬೇಡ, ಮತ ಬೋಧಿಸುವುದು ಬೇಡ, ನೆಲಕ್ಕೆ ಕಾಲಿಡುವುದೂ ಬೇಡ. ನಾವು ಇದ್ದೇವೆ, ನಿಮ್ಮನ್ನು ಕಂಡಿದ್ದೇವೆ ಎಂದಷ್ಟೇ ತಿಳಿಸಿ, ಮುಂದಿನದನ್ನು ಅವರ ಇಚ್ಛೆಗೆ ಬಿಡಬಹುದು. 1967ರ ಬಾಹ್ಯಾಕಾಶ ಒಪ್ಪಂದವು ಗಗನಯಾನಿಗಳನ್ನು ಮನುಕುಲದ ದೂತರೆಂದು ಕರೆದಿದೆ. ದೂತನಾದವನು ಮಾತನಾಡಲೇಬಾರದು ಎಂದರೆ ಆ ಹೆಸರಿಗೆ ಅರ್ಥವೇ ಉಳಿಯುವುದಿಲ್ಲ.

ವಿರೋಧ

ಕೊನೆಯ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಪರಪಕ್ಷದಲ್ಲಿ ಅತಿ ಸುಲಭವಾಗಿ ಕಳಚಿಬೀಳುವ ಕೊಂಡಿ ಅದೇ. ಬಾಹ್ಯಾಕಾಶ ಒಪ್ಪಂದದ ಐದನೆಯ ವಿಧಿಯಲ್ಲಿ ದೂತರೆಂಬ ಮಾತು ಬರುವುದು, ಅಪಘಾತಕ್ಕೋ ತುರ್ತು ಇಳಿತಕ್ಕೋ ಸಿಕ್ಕಿದ ಗಗನಯಾನಿಗಳಿಗೆ ಯಾವ ದೇಶದವರೇ ಆಗಲಿ ನೆರವಾಗಬೇಕು ಎಂದು ಹೇಳುವ ಸಂದರ್ಭದಲ್ಲಿ. ಭೂಮಿಯ ಪರವಾಗಿ ಮಾತುಕತೆ ನಡೆಸುವ ಅಧಿಕಾರವನ್ನು ಅದು ಯಾರಿಗೂ ಕೊಟ್ಟಿಲ್ಲ. ಅನ್ಯಲೋಕದ ಸಂಕೇತ ಸಿಕ್ಕರೆ ಏನು ಮಾಡಬೇಕೆಂಬುದನ್ನು ನೇರವಾಗಿ ಯೋಚಿಸಿದ ದಾಖಲೆ ಬೇರೆಯೇ ಇದೆ: ಅಂತರರಾಷ್ಟ್ರೀಯ ಗಗನಯಾನ ಅಕಾಡೆಮಿಯು 1989ರಲ್ಲಿ ಒಪ್ಪಿ, 2010ರಲ್ಲಿ ಪರಿಷ್ಕರಿಸಿದ ತತ್ವಗಳ ಘೋಷಣೆ. ಮೊದಲು ಖಚಿತಪಡಿಸಿಕೊಳ್ಳಿ, ಆಮೇಲೆ ಎಲ್ಲರಿಗೂ ತಿಳಿಸಿ, ಅಂತರರಾಷ್ಟ್ರೀಯ ಸಮಾಲೋಚನೆ ಆಗುವವರೆಗೆ ಉತ್ತರ ಕೊಡಬೇಡಿ ಎಂಬುದು ಅದರ ತಿರುಳು. ಅದು ಕಾನೂನಲ್ಲ, ಮುರಿದವರಿಗೆ ಶಿಕ್ಷೆಯಿಲ್ಲ. ಹಾಗಿದ್ದೂ ಅದರ ಕ್ರಮ ಸರಿಯಾಗಿದೆ ಎಂದು ನನಗನ್ನಿಸುತ್ತದೆ. ಅರೆಸಿಬೊ ಸಂದೇಶ ಹೋದಾಗ ಬ್ರಿಟನ್ನಿನ ರಾಜಖಗೋಳಜ್ಞ ಮಾರ್ಟಿನ್ ರೈಲ್ ಆಕ್ಷೇಪವೆತ್ತಿದ್ದರು. ಕೆಲವೇ ಜನ ಕುಳಿತು ತೀರ್ಮಾನಿಸಿ ಇಡೀ ಗ್ರಹದ ಹೆಸರಿನಲ್ಲಿ ಮಾತನಾಡಿಬಿಟ್ಟದ್ದನ್ನು, ಮತ್ತೆ ಹಾಗೆ ಮಾಡಲು ಪೂರ್ವನಿದರ್ಶನವಾಗಿ ತೋರಿಸುವುದು ಯಾವ ನ್ಯಾಯ?

ಖಚಿತಪಡಿಸಿಕೊಳ್ಳುವುದೂ ಸಣ್ಣ ಕೆಲಸವಲ್ಲ. 1967ರಲ್ಲಿ ಜೋಸೆಲಿನ್ ಬೆಲ್ ಕೇಂಬ್ರಿಜ್‌ನ ರೇಡಿಯೊ ದಾಖಲೆಯಲ್ಲಿ 1.33 ಸೆಕೆಂಡಿಗೊಮ್ಮೆ ತಪ್ಪದೆ ಮಿಡಿಯುವ ಸಂಕೇತವನ್ನು ಗುರುತಿಸಿದಾಗ, ಅವರ ತಂಡ ಅದಕ್ಕೆ ಅರ್ಧ ತಮಾಷೆಗೆ ‘ಪುಟ್ಟ ಹಸಿರು ಮನುಷ್ಯರು’ ಎಂಬ ಹೆಸರಿಟ್ಟಿತು. ಆಕಾಶದ ಬೇರೊಂದು ಮೂಲೆಯಲ್ಲಿ ಅಂಥದೇ ಎರಡನೆಯ ಮಿಡಿತ ಕಂಡ ಮೇಲೆ ಅದು ನಿಸರ್ಗದ್ದೇ ಎಂಬುದು ಸ್ಪಷ್ಟವಾಯಿತು. ಮಿಡಿಯುವ ಆ ನಕ್ಷತ್ರಗಳನ್ನು ಇಂದು ನಾವು ಪಲ್ಸಾರ್ ಎನ್ನುತ್ತೇವೆ. 2019ರಲ್ಲಿ ನಮ್ಮ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾದ ದಿಕ್ಕಿನಿಂದ ಬಂದಂತೆ ಕಂಡ ರೇಡಿಯೊ ಸಂಕೇತವೂ ಕೊನೆಗೆ ಮನುಷ್ಯರ ಉಪಕರಣಗಳದೇ ಗದ್ದಲವೆಂದು 2021ರಲ್ಲಿ ತಿಳಿಯಿತು. ಎರಡು ಸಲವೂ ಕಾದವರೇ ಸತ್ಯವನ್ನು ಕಂಡರು.

ನಾವು ಈಗಾಗಲೇ ಬಯಲಾಗಿದ್ದೇವೆ ಎಂಬ ವಾದ ಅರ್ಧ ಸತ್ಯ. ಆಮ್ಲಜನಕವು ಇಲ್ಲಿ ಜೀವವಿದೆ ಎಂದು ಹೇಳೀತು. ಆ ಜೀವಿಗಳು ಹಡಗು ಕಟ್ಟಬಲ್ಲರು, ಹೊರಟು ಬರಬಲ್ಲರು ಎಂದು ಹೇಳುವುದಿಲ್ಲ. ನಮ್ಮ ರೇಡಿಯೊ, ಟಿವಿ ಪ್ರಸಾರದ ಸೋರಿಕೆ ನಕ್ಷತ್ರಗಳ ದೂರದಲ್ಲಿ ಎಷ್ಟು ಕ್ಷೀಣವಾಗುತ್ತದೆಂದರೆ, ನಮ್ಮಂಥದೇ ಉಪಕರಣವುಳ್ಳವರು ಅದನ್ನು ಹಿಡಿಯುವುದು ಬಹಳ ಕಷ್ಟ. ಎಂ13 ಸುಮಾರು 25,000 ಜ್ಯೋತಿರ್ವರ್ಷ ದೂರದಲ್ಲಿದೆ, ವಾಯೇಜರ್ ಇನ್ನೊಂದು ನಕ್ಷತ್ರದ ನೆರೆಗೆ ತಲುಪಲು ಹತ್ತಾರು ಸಾವಿರ ವರ್ಷ ಬೇಕು. ಅವು ಸಾಂಕೇತಿಕ ನಡೆಗಳು. ಕಕ್ಷೆಯಲ್ಲಿ ನಿಂತು ಕಳುಹಿಸುವ ಸಂದೇಶವಾದರೆ ಅರೆಕ್ಷಣದಲ್ಲಿ ಮುಟ್ಟುತ್ತದೆ, ಮರಳಿ ಪಡೆಯಲಾಗದು. ಕಕ್ಷೆಗೆ ಹೋಗಿ ನಿಂತರೆ ಅವರ ಕಣ್ಣಿಗೆ ಬೀಳುತ್ತೇವೆ ಎನ್ನುವುದಾದರೆ ಅದಕ್ಕೆ ಪರಿಹಾರ ಮಾತನಾಡುವುದಲ್ಲ, ಅಷ್ಟು ಹತ್ತಿರ ಹೋಗದಿರುವುದು.

ಆದರೆ ನನ್ನ ಮುಖ್ಯ ವಾದ ಇವು ಯಾವುವೂ ಅಲ್ಲ. ಅದು ಅಂಡಮಾನಿನದು. 1858ರಲ್ಲಿ ಬ್ರಿಟಿಷರು ಅಲ್ಲಿ ಕೈದಿಗಳ ವಸಾಹತು ಸ್ಥಾಪಿಸಿದಾಗ ಅಲ್ಲಿಯ ಮೂಲನಿವಾಸಿಗಳಾದ ಗ್ರೇಟ್ ಅಂಡಮಾನಿಗಳು ಸಾವಿರಾರು ಸಂಖ್ಯೆಯಲ್ಲಿದ್ದರು. ದಡಾರ, ಇನ್‌ಫ್ಲುಯೆಂಜಾ, ಸಿಫಿಲಿಸ್‌ಗಳ ದೆಸೆಯಿಂದ ಒಂದು ಶತಮಾನದೊಳಗೆ ಅವರು ಬೆರಳೆಣಿಕೆಯಷ್ಟಾದರು. 1880ರಲ್ಲಿ ಮಾರಿಸ್ ಪೋರ್ಟ್‌ಮನ್ ಎಂಬ ಅಧಿಕಾರಿ ಉತ್ತರ ಸೆಂಟಿನೆಲ್ ದ್ವೀಪದಿಂದ ವೃದ್ಧ ದಂಪತಿಯನ್ನೂ ನಾಲ್ವರು ಮಕ್ಕಳನ್ನೂ ಪೋರ್ಟ್ ಬ್ಲೇರಿಗೆ ಹಿಡಿದು ತಂದ. ದಂಪತಿ ಕಾಯಿಲೆಬಿದ್ದು ಸತ್ತರು, ಮಕ್ಕಳನ್ನು ಉಡುಗೊರೆಗಳೊಂದಿಗೆ ವಾಪಸು ಬಿಟ್ಟರು. ಅಂಡಮಾನಿನ ಇನ್ನೊಂದು ಬುಡಕಟ್ಟಾದ ಜಾರವಾ ಜನರು ಕಾಡಿನಿಂದ ಹೊರಬಂದು ಹೊರಗಿನವರೊಡನೆ ಬೆರೆಯತೊಡಗಿದ ಸ್ವಲ್ಪ ಕಾಲದಲ್ಲೇ, 1999ರಲ್ಲಿ, ಅವರಲ್ಲಿ ದಡಾರ ಹಬ್ಬಿತು. ಅವರಿಗೆ ಅದನ್ನು ಅಂಟಿಸಬೇಕೆಂದು ಯಾರೂ ಬಯಸಿರಲಿಲ್ಲ. ಹಾನಿಗೆ ದುರುದ್ದೇಶ ಬೇಕಾಗಿಲ್ಲ ಎಂಬುದೇ ಇಲ್ಲಿ ಮುಖ್ಯ.

1991ರಲ್ಲಿ ಮಾನವಶಾಸ್ತ್ರಜ್ಞರ ತಂಡದ ಕೈಯಿಂದ ಸೆಂಟಿನೆಲಿಗರು ತೆಂಗಿನಕಾಯಿ ಪಡೆದದ್ದನ್ನು ಪರಪಕ್ಷದವರು ಸಂತೋಷದಿಂದ ನೆನೆಯಬಹುದು. ಆದರೆ ಅಷ್ಟು ಯಶಸ್ವಿಯಾದ ಭೇಟಿಯ ಬಳಿಕವೂ, ಆ ದಶಕದಲ್ಲಿಯೇ, ಸರ್ಕಾರ ಅಂಥ ಭೇಟಿಗಳನ್ನು ನಿಲ್ಲಿಸಿತು. 2004ರ ಸುನಾಮಿಯ ನಂತರ ಅವರು ಬದುಕಿದ್ದಾರೆಯೇ ಎಂದು ನೋಡಲು ಹೆಲಿಕಾಪ್ಟರ್ ಹಾರಿದಾಗ, ಕೆಳಗಿನಿಂದ ಒಬ್ಬನು ಬಾಣ ಹೂಡಿದ. ಅವರು ಇದ್ದಾರೆ ಎಂಬುದು ತಿಳಿಯಿತು, ಹೆಲಿಕಾಪ್ಟರ್ ಹಿಂದಿರುಗಿತು. ಕಣ್ಣಿಡುವುದು, ಕೈಯಿಡದಿರುವುದು ಎಂಬ ಈ ನೀತಿಯನ್ನು ಭಾರತ ತನ್ನದೇ ನೆಲದ ಮನುಷ್ಯರ ವಿಷಯದಲ್ಲಿ ಬಹಳ ಜೀವ ತೆತ್ತ ಮೇಲೆ ಕಲಿತಿದೆ. ಬೇರೊಂದು ಗ್ರಹದಲ್ಲಿ ಅದನ್ನು ಮೊದಲಿನಿಂದ ಕಲಿಯುತ್ತೇವೆ ಎನ್ನುವುದು ಹಟಮಾರಿತನ.

ಅನ್ಯಲೋಕದವರಿಗೆ ನಮ್ಮ ದಡಾರ ತಗಲಲಾರದು, ಅವರ ಜೀವರಸಾಯನವೇ ಬೇರೆ ಎಂದು ಹೇಳಬಹುದು. ವೈರಸ್ಸಿನ ಮಟ್ಟಿಗೆ ಅದು ಬಹುಶಃ ನಿಜ. ಆದರೆ ಮಣ್ಣು, ನೀರು ಸಿಕ್ಕರೆ ಬೆಳೆಯಬಲ್ಲ ಸೂಕ್ಷ್ಮಾಣುವಿಗೆ ಯಾರ ದೇಹವೂ ಬೇಕಾಗಿಲ್ಲ. ಗೆಲಿಲಿಯೊ ನೌಕೆಯನ್ನು 2003ರಲ್ಲಿ ಗುರುವಿನೊಳಕ್ಕೆ, ಕಸಿನಿಯನ್ನು 2017ರಲ್ಲಿ ಶನಿಯೊಳಕ್ಕೆ ಧುಮುಕಿಸಿ ನಾಶಪಡಿಸಿದ್ದು, ಯುರೋಪಾ ಮತ್ತು ಎನ್ಸೆಲಾಡಸ್ ಎಂಬ ಉಪಗ್ರಹಗಳ ಹಿಮದಡಿಯ ಸಾಗರಗಳಲ್ಲಿ ಇರಲೂಬಹುದಾದ, ಇರದಿರಲೂಬಹುದಾದ ಜೀವಕ್ಕೆ ಭೂಮಿಯ ಸೂಕ್ಷ್ಮಾಣುಗಳು ತಾಗದಿರಲೆಂದು. ಊಹೆಯ ಸೂಕ್ಷ್ಮಜೀವಿಗೆ ಇಷ್ಟು ಎಚ್ಚರ ವಹಿಸುವವರು, ಕಣ್ಣಿಗೆ ಕಂಡ ಸಮಾಜದ ಮುಂದೆ ಅವಸರಪಡುವುದು ಹೇಗೆ? ರೋಗವಷ್ಟೇ ಹಾನಿಯಲ್ಲ ಎಂಬುದನ್ನೂ ಸೇರಿಸಬೇಕು. ನಿಮಗಿಂತ ಬಲಿಷ್ಠರು ಆಕಾಶದಲ್ಲಿದ್ದಾರೆ ಎಂಬ ಒಂದೇ ಸುದ್ದಿ ಅವರ ದೇವರು, ಅರಸು, ಶಾಲೆ ಎಲ್ಲವನ್ನೂ ಅಲುಗಿಸಬಲ್ಲದು. ಮುಂದಿನದನ್ನು ಅವರ ಇಚ್ಛೆಗೆ ಬಿಡುತ್ತೇವೆ ಎನ್ನುವವರು, ತಿಳಿಯದಿರುವ ಇಚ್ಛೆಯನ್ನು ಅವರಿಂದ ಆಗಲೇ ಕಸಿದುಕೊಂಡಿರುತ್ತಾರೆ.

ಇತಿಹಾಸದ ಸಾಕ್ಷಿಗಳಿಗೆ ಬರೋಣ. ನಿಕಿತಿನ್ ಒಬ್ಬಂಟಿ ವ್ಯಾಪಾರಿ. ಈ ನೆಲದ ಕಾನೂನಿಗೆ ತಲೆಬಾಗಿ, ಕುದುರೆ ಮಾರಿ ಬದುಕಿದವನು. ಅವನ ತರುವಾಯ ಮೂವತ್ತು ವರ್ಷದೊಳಗೆ, 1498ರಲ್ಲಿ, ಕಲ್ಲಿಕೋಟೆಗೆ ಬಂದ ವಾಸ್ಕೊ ಡ ಗಾಮಾ ಎರಡನೆಯ ಯಾನದಲ್ಲಿ ಅದೇ ಪಟ್ಟಣದ ಮೇಲೆ ಫಿರಂಗಿ ಹಾರಿಸಿದ. ಬಹಮನಿ ರಾಜ್ಯ ಒಡೆದು ಹುಟ್ಟಿದ ಬಿಜಾಪುರದ ಕೈಯಿಂದ 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಕಿತ್ತುಕೊಂಡರು. ನಕ್ಷತ್ರಗಳ ನಡುವೆ ನೌಕೆ ನಡೆಸಬಲ್ಲವರು ಈ ಎರಡರಲ್ಲಿ ಯಾರನ್ನು ಹೋಲುತ್ತಾರೆ ಎಂಬುದನ್ನು ಓದುಗರೇ ಯೋಚಿಸಲಿ.

ಸನ್ನತಿಯ ಶಾಸನವನ್ನೂ ಪೂರ್ತಿಯಾಗಿ ಓದಬೇಕು. ಅದರ ಧೌಲಿಯ ಪಾಠದಲ್ಲಿ, ಕ್ಷಮಿಸಲು ಸಾಧ್ಯವಿರುವುದನ್ನು ರಾಜನು ಕ್ಷಮಿಸುತ್ತಾನೆ ಎಂಬ ಮಾತೂ ಇದೆ. ಭಯ ಬೇಡ ಎನ್ನುವವನೇ, ಎಲ್ಲಿಂದ ಮುಂದೆ ಭಯಪಡಬೇಕು ಎಂಬುದನ್ನೂ ಸೂಚಿಸುತ್ತಿದ್ದಾನೆ. ಕಳಿಂಗವನ್ನು ಗೆದ್ದ ಮೇಲೆ ಆಡಿದ ಮಾತು ಅದು. ನಂತರ ಆ ಲಿಪಿಯೇ ಮರೆತುಹೋಗಿ, 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಓದುವವರೆಗೆ ಅಶೋಕನ ಮಾತು ಯಾರಿಗೂ ಅರ್ಥವಾಗದೆ ಉಳಿಯಿತು. ಸನ್ನತಿಯಲ್ಲಂತೂ ಆ ಕಲ್ಲಿನ ನಡುವೆಯೇ ಗುಳಿ ಕೊರೆದು ಕಾಳಿಯನ್ನು ನಿಲ್ಲಿಸಿದ್ದರು. ಹಾಗೆ ಮಾಡಿದವರ ತಪ್ಪೇನೂ ಇಲ್ಲ, ಅವರಿಗೆ ಅದು ಒಳ್ಳೆಯ ಚಪ್ಪಡಿ. ಒಂದೇ ನೆಲದ, ಒಂದೇ ಕುಲದ ಮನುಷ್ಯರ ನಡುವೆ ಸಂದೇಶಕ್ಕೆ ಈ ಗತಿಯಾದರೆ, ಅವಿಭಾಜ್ಯ ಸಂಖ್ಯೆಗಳ ಸರಣಿಯನ್ನು ಅನ್ಯಲೋಕದವರು ನಮಸ್ಕಾರವೆಂದೇ ಓದುತ್ತಾರೆ, ಎಚ್ಚರಿಕೆಯೆಂದು ಓದುವುದಿಲ್ಲ ಎಂಬ ಭರವಸೆ ಎಲ್ಲಿಂದ ಬಂತು?

ಹಾಗಾದರೆ ಅನ್ವೇಷಕರು ಮಾಡಬೇಕಾದದ್ದೇನು? ಆ ಗ್ರಹದ ಕಡೆಗಿನ ಎಲ್ಲ ಪ್ರಸಾರವನ್ನು ನಿಲ್ಲಿಸಿ, ಅವರ ಕಣ್ಣಿಗೆ ಬೀಳದ ದೂರಕ್ಕೆ ಸರಿದು, ಕಂಡದ್ದನ್ನು ದಾಖಲಿಸಿ ಭೂಮಿಗೆ ಕಳುಹಿಸಬೇಕು. ಉತ್ತರ ಬರಲು ಎಷ್ಟು ಕಾಲ ಹಿಡಿದರೂ ಕಾಯಬೇಕು. ಟ್ರಾಪಿಸ್ಟ್-1ರಂತೆ 40 ಜ್ಯೋತಿರ್ವರ್ಷ ದೂರದ ನಕ್ಷತ್ರವಾದರೆ ಹೋಗಿಬರುವ ಮಾತಿಗೆ 80 ವರ್ಷ ಬೇಕು, ಕೇಳಿದವರು ಉತ್ತರ ಕೇಳಿಸಿಕೊಳ್ಳಲು ಇರುವುದಿಲ್ಲ. ಅದು ಈ ನಿಲುವಿಗೆ ತೆರಬೇಕಾದ ಬೆಲೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅವರೇ ಮೊದಲು ಮಾತನಾಡಿಸಿದರೆ? ಆಗ ಪ್ರಶ್ನೆಯೇ ಬದಲಾಗುತ್ತದೆ, ಆದರೂ ಉತ್ತರ ಕೊಡುವ ಹಕ್ಕು ನೌಕೆಯಲ್ಲಿರುವವರದಲ್ಲ.

ಒಂದು ಆಕ್ಷೇಪ ಮಾತ್ರ ನನ್ನನ್ನು ನಿಜವಾಗಿ ಕಾಡುತ್ತದೆ. ಅವರ ಗ್ರಹದತ್ತ ದೊಡ್ಡ ಕ್ಷುದ್ರಗ್ರಹವೊಂದು ಧಾವಿಸುತ್ತಿರುವುದನ್ನು ನಾವು ಕಂಡರೂ ಸುಮ್ಮನೆ ನೋಡುತ್ತ ಕೂರಬೇಕೆ? ಬೇಡ. 2022ರ ಸೆಪ್ಟೆಂಬರಿನಲ್ಲಿ ಡಾರ್ಟ್ ನೌಕೆಯು ಡೈಮಾರ್ಫಸ್ ಎಂಬ ಪುಟ್ಟ ಆಕಾಶಕಾಯಕ್ಕೆ ಡಿಕ್ಕಿ ಹೊಡೆದು ಅದರ ಪರಿಭ್ರಮಣದ ಅವಧಿಯನ್ನು ಅರ್ಧ ಗಂಟೆಗಿಂತಲೂ ಹೆಚ್ಚು ತಗ್ಗಿಸಿತು. ಅಂಥ ಬಂಡೆಯನ್ನು ದಾರಿ ತಪ್ಪಿಸುವುದು ನಮ್ಮ ಕೈಮೀರಿದ್ದಲ್ಲ. ಸಮಾಲೋಚನೆಗೆ ಕಾಲವಿಲ್ಲದ ಅಂಥ ಹೊತ್ತಿನಲ್ಲಿ ಅನ್ವೇಷಕರು ಆ ಕೆಲಸವನ್ನು ಮಾಡಲಿ. ಅದನ್ನು ಮಾಡಿದವರು ಯಾರೆಂದು ಅವರಿಗೆ ತಿಳಿಸಬೇಕಾಗಿಲ್ಲ.