‘ಫುಲ್ ಬ್ಯಾಕಪ್’ ಎಂದರೆ ಏನು, ಯಾರಾದರೂ ಹೇಳಿ

ಲ್ಯಾಪ್‌ಟಾಪ್ ಕೊಟ್ಟಿದ್ದ ಅಂಗಡಿಯ ರಸೀದಿ ನನ್ನ ಮುಂದೆಯೇ ಇದೆ. ‘ಫಾರ್ಮ್ಯಾಟ್, ವಿಂಡೋಸ್ 11, ಫುಲ್ ಬ್ಯಾಕಪ್’ ಎಂದು ನೀಲಿ ಶಾಯಿಯಲ್ಲಿ ಗೀಚಿ, ಬ್ಯಾಕಪ್‌ಗೆಂದೇ, ಅಂದರೆ ಒಳಗಿದ್ದುದರ ನಕಲು ತೆಗೆದಿಡಲೆಂದೇ, ಬೇರೆ 300 ರೂಪಾಯಿ ಹಾಕಿದ್ದಾರೆ. ಅದೇ ರಸೀದಿಯ ಅಡಿಯಲ್ಲಿ, ಕನ್ನಡಕ ಹಾಕಿಕೊಂಡರೂ ಕಾಣದಷ್ಟು ಸಣ್ಣ ಅಕ್ಷರದಲ್ಲಿ, ಡೇಟಾ ಹೋದರೆ ಅಂಗಡಿ ಹೊಣೆಯಲ್ಲ ಎಂದು ಅಚ್ಚಾಗಿದೆ. ಹೊಣೆ ನಿಮ್ಮದಲ್ಲವಾದರೆ ಹಣ ಪಡೆದದ್ದು ಯಾವ ಕೆಲಸಕ್ಕೆ?

ಮುಂಬೈಯ ಕಂಪ್ಯೂಟರ್ ಅಂಗಡಿಗಳ ಬೀದಿ ಲ್ಯಾಮಿಂಗ್ಟನ್ ರಸ್ತೆಯಿಂದ ಈಗಷ್ಟೇ ಡೊಂಬಿವಲಿಗೆ ಬಂದು ಮುಟ್ಟಿದ್ದೇನೆ. ಗ್ರ್ಯಾಂಟ್ ರೋಡಿನಲ್ಲಿ ರೈಲು ಹತ್ತಿದಾಗಲೂ, ದಾದರಿನಲ್ಲಿ ಇಳಿದು ಸೆಂಟ್ರಲ್ ಗಾಡಿ ಹಿಡಿಯುವಾಗಲೂ ಅಂಗಡಿಯ ಹುಡುಗನ ಮಾತು ಕಿವಿಯಿಂದ ಹೋಗಲಿಲ್ಲ. ಊಟ ಸೇರುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಡಿ ಡ್ರೈವಿನಲ್ಲಿ ನಾನು ಬೀಗ ಹಾಕಿಟ್ಟಿದ್ದ ಫೋಲ್ಡರ್ ತೆರೆದುಕೊಳ್ಳುತ್ತದೆ. ಒಳಗಿನ ಹೆಸರುಗಳೆಲ್ಲ ಕಾಣುತ್ತವೆ. ‘ಹಾಜರಿ ಪುಸ್ತಕ’, ‘ಕ್ಯಾಂಟೀನ್ ಹುಡುಗರು’, ‘ಮೇಷ್ಟರ ಮಾತು’. ಒಂದೊಂದರ ಮೂಲೆಯಲ್ಲೂ ಪುಟ್ಟ ಬೀಗದ ಗುರುತು. ಒತ್ತಿದರೆ ತೆರೆಯಲು ಅನುಮತಿ ಇಲ್ಲ ಎನ್ನುತ್ತದೆ. ಹೆಸರು ನನ್ನದೇ, ಪಾಸ್‌ವರ್ಡ್ ಹಳೆಯದೇ, ಆದರೂ ಇಲ್ಲ.

ಆ ಹುಡುಗ ‘ದೋ ಮಿನಿಟ್ ಅಂಕಲ್’ ಎಂದು ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡ. ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್ಡ್, ಅಲ್ಲಿ ಮಾಲೀಕನ ಹೆಸರು ಬದಲಿಸಿದ. ‘ಈಗ ನೋಡಿ’ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಒತ್ತಿದ. ತೆರೆಯಲಿಲ್ಲ. ಆದೇಶ ಬರೆಯುವ ಕಪ್ಪು ಕಿಟಕಿ ತೆರೆದು, ಫೈಲಿನ ಮಾಲೀಕತ್ವ ಪಡೆಯುವ ಟೇಕ್‌ಓನ್ ಆದೇಶ ಟೈಪ್ ಮಾಡಿದ, ಆಮೇಲೆ ಇನ್ನೇನೋ ಆದೇಶ ಕೊಟ್ಟ. ಸಾಲುಸಾಲಾಗಿ ಅಕ್ಷರಗಳು ಓಡಿದವು. ಮತ್ತೆ ಒತ್ತಿದ. ತೆರೆಯಲಿಲ್ಲ. ಆಗ ಅವನು ಕುರ್ಚಿಯನ್ನು ಹಿಂದಕ್ಕೆ ತಳ್ಳಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದ: ‘ಅಂಕಲ್, ಐಸಾ ಕ್ಯಾ ಛುಪಾಕೆ ರಖಾ ಥಾ?’ ಅಂಥದ್ದೇನು ಬಚ್ಚಿಟ್ಟಿದ್ದೆ ಎಂದು.

ನನ್ನ ಹಿಂದೆ ಕಾಲೇಜಿನ ಇಬ್ಬರು ಹುಡುಗರು ಮಾನಿಟರ್ ಕೊಳ್ಳಲು ನಿಂತಿದ್ದರು. ನಕ್ಕರು. ‘ಶಾಲೆಯ ಫೋಟೋ’ ಎಂದೆ. ‘ಶಾಲೆಯ ಫೋಟೋಗೆ ಯಾರಾದರೂ ಬೀಗ ಹಾಕುತ್ತಾರೆಯೇ’ ಎಂದ. ಇನ್ನೂ ಜೋರಾಗಿ ನಕ್ಕರು. ಗಲ್ಲೆಯಲ್ಲಿ ಕೂತಿದ್ದ ಮಾಲೀಕ ನೋಟು ಎಣಿಸುತ್ತಲೇ ಮುಗುಳ್ನಕ್ಕ. ಬೇಡವೆನ್ನಲಿಲ್ಲ, ಹುಡುಗನನ್ನು ಗದರಲಿಲ್ಲ. ಬಾಯಿಗೆ ಬಂದ ಮಾತು ಗಂಟಲಲ್ಲೇ ಉಳಿಯಿತು. ಮುಂಬೈಯಲ್ಲಿ ಇಷ್ಟು ಕಾಲ ಬದುಕಿದ್ದೇನೆ, ಹಿಂದಿ ಬರುತ್ತದೆ, ಮರಾಠಿ ಬರುತ್ತದೆ. ಆ ಹೊತ್ತಿಗೆ ಯಾವುದೂ ಬರಲಿಲ್ಲ.

ಬೀಗ ಏಕೆ ಹಾಕಿದ್ದೆ ಎಂಬುದನ್ನು ಅಲ್ಲಿ ಹೇಳಲಾಗಲಿಲ್ಲ, ಇಲ್ಲಿ ಹೇಳುತ್ತೇನೆ. ಊರಿನಿಂದ ಬಂದು ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಗೆ ಹೋಗಿ ಮೆಟ್ರಿಕ್ ಮಾಡಿಕೊಂಡವರ ಮಾತುಗಳು ಅವು. ಸಂಘದ ಸ್ಮರಣ ಸಂಚಿಕೆಗೆಂದು ಮನೆಮನೆಗೆ ಹೋಗಿ ದಾಖಲಿಸಿಕೊಂಡದ್ದು. ಯಾವ ಧಣಿ ಸಂಬಳ ಕೊಡಲಿಲ್ಲ, ಯಾರು ಯಾರ ಸಾಲ ತೀರಿಸಿದರು ಎಂಬುದನ್ನೆಲ್ಲ ಆ ಹಿರಿಯರು ನನ್ನನ್ನು ನಂಬಿ ಹೇಳಿದ್ದರು. ಅಚ್ಚಾಗುವವರೆಗೆ ಯಾರಿಗೂ ಕೇಳಿಸಬೇಡ ಎಂದಿದ್ದರು. ಮನೆಯಲ್ಲಿ ಈ ಲ್ಯಾಪ್‌ಟಾಪನ್ನು ಎಲ್ಲರೂ ಮುಟ್ಟುತ್ತಾರೆ. ಕೊಟ್ಟ ಮಾತಿಗಾಗಿ ಹಾಕಿದ ಬೀಗ ಅದು. ಹಾಜರಿ ಪುಸ್ತಕದ ಒಂದು ಪುಟದಲ್ಲಿ ನನ್ನ ಅಪ್ಪನ ಹೆಸರೂ ಇದೆ. ಅಂಥದ್ದನ್ನು ಇಟ್ಟುಕೊಂಡವನಿಗೆ ‘ಏನು ಬಚ್ಚಿಟ್ಟಿದ್ದೆ’ ಎಂದು ಕೇಳುತ್ತಾರೆ!

ಈಗ ವಿಷಯಕ್ಕೆ ಬನ್ನಿ. ಈ ಬೀಗ ಮಾಲೀಕನ ಹೆಸರು ಬದಲಿಸಿದರೆ ತೆರೆಯುವ ಬೀಗವೇ ಅಲ್ಲ. ವಿಂಡೋಸ್ 2000ದಿಂದಲೂ ಇರುವ ಇಎಫ್‌ಎಸ್ ಎಂಬ ಗೂಢಲಿಪಿ ವ್ಯವಸ್ಥೆ ಇದು. ಬರಿಯ ಅನುಮತಿಯ ತೊಡಕಾಗಿದ್ದರೆ ಹುಡುಗ ಕೊಟ್ಟ ಆ ಆದೇಶಗಳೇ ಸಾಕಾಗುತ್ತಿದ್ದವು. ಇಲ್ಲಿ ಫೈಲಿನ ಒಳಗಿನ ಅಕ್ಷರಗಳೇ ಕಲಸಿಹೋಗಿವೆ, ಬಿಡಿಸುವ ಕೀಲಿ ಸಿ ಡ್ರೈವಿನಲ್ಲಿ ನನ್ನ ಹೆಸರಿನ ಫೋಲ್ಡರಿನೊಳಗೆ, ಆಪ್‌ಡೇಟಾ ಎಂಬ ಅಡಗಿದ ಫೋಲ್ಡರಿನಲ್ಲಿ ಇರುತ್ತದೆ. ಅದೂ ಹಳೆಯ ಪಾಸ್‌ವರ್ಡಿನಿಂದ ರಕ್ಷಿತವಾಗಿ. ವಿಂಡೋಸ್ ಹೊಸದಾಗಿ ಹಾಕಿ ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟರೂ ಗಣಕದ ಲೆಕ್ಕದಲ್ಲಿ ನಾನು ಬೇರೆ ಮನುಷ್ಯ, ಏಕೆಂದರೆ ಒಳಗಿನ ಗುರುತಿನ ಸಂಖ್ಯೆ ಬೇರೆ. ಆ ಫೋಲ್ಡರ್ ಒಂದು ಉಳಿದಿದ್ದರೆ, ಪಾಸ್‌ವರ್ಡ್ ನನಗೆ ನೆನಪಿರುವುದರಿಂದ, ದಾರಿಯಿತ್ತು.

ನಾನು ಹೇಳಿದ್ದೆ. ನನ್ನ ಹೆಸರಿನ ಫೋಲ್ಡರನ್ನು ಪೂರ್ತಿ, ಅಡಗಿದ್ದೂ ಸೇರಿಸಿ ನಕಲು ಮಾಡಿ ಎಂದು ಆ ಮೇಜಿನ ಮುಂದೆಯೇ ಹೇಳಿದ್ದೆ. ‘ಸಬ್ ಲೇ ಲಿಯಾ’ ಎಂದರು. ತೆಗೆದುಕೊಂಡದ್ದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಮೂರೇ. ಆಮೇಲೆ ಸಿ ಡ್ರೈವ್ ಒರೆಸಿಹಾಕಿದರು. ಬೀರುವನ್ನು ಜೋಪಾನವಾಗಿ ಉಳಿಸಿ, ಅದರ ಬೀಗದ ಕೈಯಿದ್ದ ಮನೆಯನ್ನು ಕೆಡವಿದಂತಾಯಿತು. ಹಳೆಯ ಹಾರ್ಡ್‌ಡಿಸ್ಕ್ ಆಗಿದ್ದರೆ ಅಳಿಸಿದ್ದರಲ್ಲಿ ಚೂರುಪಾರಾದರೂ ಸಿಗುವ ಆಸೆ ಇರುತ್ತಿತ್ತು. ಸಿ ಇರುವುದು ಎಸ್‌ಎಸ್‌ಡಿ ಎಂಬ ಚಿಪ್ಪಿನ ಡಿಸ್ಕಿನಲ್ಲಿ, ಅಳಿಸಿದ ಜಾಗವನ್ನು ಟ್ರಿಮ್ ಎಂಬುದು ತಾನಾಗಿಯೇ ಖಾಲಿ ಮಾಡಿಬಿಡುತ್ತದೆ.

ಹೋಗಲಿ ಬಿಡಿ. ಹೋದದ್ದು ಹೋಯಿತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು, ಬದಲಿಸದೆ ಇರುವಂತಿರಲಿಲ್ಲ, ಯಾವ ಅಂಗಡಿಗೆ ಹೋಗಿದ್ದರೂ ಹೀಗೇ ಆಗುತ್ತಿತ್ತೋ ಏನೋ. ಜಗಳವಾಡಿ ಯಾರಿಗೆ ಏನು ಸಿಕ್ಕಿದೆ?

ಇಲ್ಲ, ಬಿಡುವುದು ಹೇಗೆ? ಮೂಲ ಹಾಜರಿ ಪುಸ್ತಕ ಮಳೆಯಲ್ಲಿ ನೆನೆದು ಹಾಳಾಯಿತೆಂದು ರದ್ದಿಗೆ ಹಾಕಿದರು. ಫೋಟೋಗಳನ್ನು ಸ್ಕ್ಯಾನ್ ಮಾಡಿ ಅವರವರಿಗೆ ಹಿಂತಿರುಗಿಸಿದೆ, ಅರ್ಧದಷ್ಟು ಜನ ಊರು ಸೇರಿದ್ದಾರೆ. ಮಾತನಾಡಿದವರಲ್ಲಿ ಕೆಲವರು ಈಗ ಇಲ್ಲ. ಮೇಷ್ಟರು ಇಲ್ಲ. ನಕಲು ಮಾಡಿಕೊಂಡ ಅಂಗಡಿಯ ಡಿಸ್ಕನ್ನಾದರೂ ತೋರಿಸಿ, ಒಮ್ಮೆ ಹುಡುಕುತ್ತೇನೆ ಎಂದು ಕೈಮುಗಿದು ಕೇಳಿದೆ. ಮುಂದಿನ ಗಿರಾಕಿಗಾಗಿ ಅಳಿಸಿಯಾಗಿದೆಯಂತೆ. ಮಾಲೀಕ ಕೊನೆಗೊಮ್ಮೆ ಬಾಯಿಬಿಟ್ಟು ಹೇಳಿದ್ದು ಏನು ಗೊತ್ತೇ? ಡಿ ಡ್ರೈವನ್ನೂ ಫಾರ್ಮ್ಯಾಟ್ ಮಾಡಿಕೊಡುತ್ತೇನೆ, ಹಣ ಬೇಡ, ಜಾಗ ಖಾಲಿಯಾಗುತ್ತದೆ ಎಂದು.

ಲ್ಯಾಪ್‌ಟಾಪನ್ನು ಅವನ ಮೇಜಿನಿಂದ ಕಿತ್ತುಕೊಂಡು ಬಂದೆ. ಡಿ ಡ್ರೈವನ್ನು ಯಾರೂ ಮುಟ್ಟಲು ಬಿಡುವುದಿಲ್ಲ, ತೆರೆಯಲಿ, ತೆರೆಯದಿರಲಿ.

ಭಾನುವಾರ ಸಮಿತಿಯ ಸಭೆ. ಆ ಹಿರಿಯರ ಮಕ್ಕಳೂ ಬರುತ್ತಾರೆ. ಅವರಿಗೆ ನಾನು ಏನು ಹೇಳಲಿ? ರಾತ್ರಿ ಶಾಲೆಯ ಫೋಟೋ, ಅಂಕಪಟ್ಟಿ, ಪತ್ರ, ಏನೇ ನಿಮ್ಮ ಮನೆಯಲ್ಲಿದ್ದರೂ ದಯವಿಟ್ಟು ತಿಳಿಸಿ, ನಾನೇ ಬಂದು ಸ್ಕ್ಯಾನ್ ಮಾಡಿಕೊಳ್ಳುತ್ತೇನೆ. ಪೆನ್‌ಡ್ರೈವಿನಲ್ಲಿ ಇನ್ನೊಂದು ಪ್ರತಿ ಇಟ್ಟುಕೊಳ್ಳಬಾರದಿತ್ತೇ ಎಂದು ಮಾತ್ರ ಯಾರೂ ಬರೆಯಬೇಡಿ. ಇನ್ನೊಂದು ಪ್ರತಿ ಮಾಡಿಸಲೆಂದೇ ನಾನು ಆ ಅಂಗಡಿಯ ಮೆಟ್ಟಿಲು ಹತ್ತಿದ್ದು.